ಶೇ. 92 ಎಂಬ ಅಂಕಿಯೂ ಬಹುಮಾನದ ಪ್ರಬಂಧವೂ

ಓದುಗರ ಪತ್ರ: ದೀಪಾವಳಿ ವಿಶೇಷಾಂಕದ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಪಡೆದ, ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಕುರಿತ ಪ್ರಬಂಧ ಎಐ ಬರೆದದ್ದೆಂದು ನನ್ನ ಅನುಮಾನ. ನಿಮ್ಮ ಪಿಡಿಎಫ್‌ನಿಂದ ನಕಲಿಸಿ, ಗಣಕಾನುವಾದದಲ್ಲಿ ಇಂಗ್ಲಿಷಿಗೆ ತಿರುಗಿಸಿ, ಎಐ ಪತ್ತೆಹಚ್ಚುವ ತಂತ್ರಾಂಶಕ್ಕೆ ಹಾಕಿದೆ. ಶೇ. 92 ಎಂದಿತು. ಇನ್ನೆರಡು ತಂತ್ರಾಂಶಗಳೂ ಅದನ್ನೇ ಹೇಳಿದವು. ಬಹುಮಾನ ವಾಪಸು ಪಡೆಯಿರಿ. ಇನ್ನು ಮುಂದೆ ಎಲ್ಲ ಬರಹಗಳನ್ನೂ ಹೀಗೆ ಪರೀಕ್ಷಿಸಿ, ಯಂತ್ರದ ಪಾಲು ಶೇಕಡಾ ಎಷ್ಟೆಂದು ಲೇಖಕರ ಹೆಸರಿನ ಕೆಳಗೆ ಅಚ್ಚು ಮಾಡಿ. – ಓದುಗರೊಬ್ಬರು, ಡೊಂಬಿವಲಿ

ಸಂಪಾದಕರ ಉತ್ತರ:

ಮಾನ್ಯರೇ,

ಬಹುಮಾನ ಬರೆದವರಿಗೇ ಸಲ್ಲಬೇಕೆಂಬ ನಿಮ್ಮ ಕಾಳಜಿ ನಮ್ಮದೂ ಹೌದು. ಆದರೂ ಬಹುಮಾನವನ್ನು ಹಿಂದಕ್ಕೆ ಪಡೆಯುತ್ತಿಲ್ಲ. ಯಾಕೆಂದು ಲೆಕ್ಕ ಸಮೇತ ಹೇಳಬೇಕಾದ್ದು ನಮ್ಮ ಹೊಣೆ.

ಮೊದಲಿಗೆ, ನೀವು ಪರೀಕ್ಷಿಸಿದ್ದು ಲೇಖಕಿಯ ಬರಹವನ್ನಲ್ಲ. ಅಚ್ಚಾದ ಪ್ರತಿಯ ಮೇಲೆ ನಮ್ಮ ಕರಡು ತಿದ್ದುವವರ ಕೈಯಾಡಿದೆ: ‘ಅಂತ’ ಎಂದಿದ್ದುದು ‘ಎಂದು’ ಆಗಿದೆ, ಉದ್ದ ವಾಕ್ಯಗಳು ಎರಡಾಗಿವೆ, ಕಾಗುಣಿತ ಒಂದೇ ತೆರನಾಗಿದೆ. ಪಿಡಿಎಫ್‌ನಿಂದ ನಕಲಿಸುವಾಗ ಕನ್ನಡದ ಒತ್ತಕ್ಷರ, ಅರ್ಕಾವೊತ್ತುಗಳು ಜಾಗ ತಪ್ಪುವುದು ಮಾಮೂಲು. ಅನುವಾದ ಯಂತ್ರ ಅಂಥ ಮುರಿದ ಪದ ಬಂದಲ್ಲಿ ನಿಲ್ಲುವುದಿಲ್ಲ, ಊಹಿಸಿಕೊಂಡು ಮುಂದೆ ಹೋಗುತ್ತದೆ. ಕೊನೆಗೆ ಹೊರಬಂದ ಇಂಗ್ಲಿಷಿನ ಒಂದೊಂದು ಪದವನ್ನೂ ಆರಿಸಿದ್ದು ಯಂತ್ರವೇ. ಪತ್ತೆ ತಂತ್ರಾಂಶ ‘ಇದು ಯಂತ್ರದ್ದು’ ಎಂದಿದ್ದರೆ, ಅದರ ಮುಂದೆ ಇಟ್ಟ ಪಠ್ಯದ ಮಟ್ಟಿಗೆ ಆ ಮಾತು ಸರಿಯೇ.

ಇಂಥ ಹಲವು ತಂತ್ರಾಂಶಗಳು ಮುಖ್ಯವಾಗಿ ನೋಡುವುದು ಒಂದನ್ನು: ಮುಂದಿನ ಪದ ಎಷ್ಟರ ಮಟ್ಟಿಗೆ ನಿರೀಕ್ಷಿತವಾಗಿತ್ತು ಎಂಬುದನ್ನು. ಭಾಷಾಮಾದರಿಯ (ಮುಂದಿನ ಪದವನ್ನು ಊಹಿಸುತ್ತ ಬರೆಯುವ ಎಐ ತಂತ್ರಾಂಶದ) ಊಹೆಗೆ ಪದೇ ಪದೇ ಸಿಕ್ಕುವ, ಏರಿಳಿತ ಕಡಿಮೆಯಿರುವ ಬರಹಕ್ಕೆ ಯಂತ್ರದ ಮುದ್ರೆ ಬೀಳುತ್ತದೆ. ಸರಳ ಪದಗಳಲ್ಲಿ, ಕಲಿತ ಮಾದರಿಯ ವಾಕ್ಯಗಳಲ್ಲಿ ಬರೆಯುವವರೂ ಈ ಬಲೆಗೆ ಬೀಳುತ್ತಾರೆ. ಸ್ಟ್ಯಾನ್‌ಫರ್ಡ್ ಸಂಶೋಧಕರು 2023ರಲ್ಲಿ ಇಂಗ್ಲಿಷ್ ಮನೆಮಾತಲ್ಲದವರು ಬರೆದ 91 ಟೋಫೆಲ್ (ಇಂಗ್ಲಿಷ್ ಭಾಷಾ ಸಾಮರ್ಥ್ಯದ ಪರೀಕ್ಷೆ) ಪ್ರಬಂಧಗಳನ್ನು ಏಳು ತಂತ್ರಾಂಶಗಳಿಗೆ ಕೊಟ್ಟು ನೋಡಿದರು. ಸರಾಸರಿ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳು ಯಂತ್ರದವೆಂದು ತೀರ್ಪಾದವು. ಅವೆಲ್ಲವೂ ಮನುಷ್ಯರೇ ಬರೆದವು. ‘ಮೂರು ತಂತ್ರಾಂಶಗಳೂ ಒಂದೇ ಮಾತು ಹೇಳಿದವು’ ಎನ್ನುವುದರ ತೂಕವೂ ಇಲ್ಲೇ ಇಳಿಯುತ್ತದೆ. ಮೂರೂ ಅಳೆಯುವುದು ಒಂದೇ ಗುಣವನ್ನಾದರೆ ತಪ್ಪುವುದೂ ಒಂದೇ ಕಡೆ. ಒಂದೇ ತಕ್ಕಡಿಯಲ್ಲಿ ಮೂರು ಸಲ ತೂಗಿದರೆ ಮೂರು ಸಾಕ್ಷಿ ಆಗುವುದಿಲ್ಲ.

ಇನ್ನು ಆ 92. ಅದು ‘ಈ ಲೇಖಕಿ ಮೋಸ ಮಾಡಿರುವ ಸಾಧ್ಯತೆ ನೂರಕ್ಕೆ 92’ ಎಂದಲ್ಲ. ಆ ಸಾಧ್ಯತೆ ತಿಳಿಯಬೇಕಾದರೆ ಇನ್ನೂ ಮೂರು ಸಂಗತಿ ಗೊತ್ತಿರಬೇಕು: ಬಂದ ಬರಹಗಳಲ್ಲಿ ಯಂತ್ರದವು ಎಷ್ಟಿರಬಹುದು, ಅವುಗಳಲ್ಲಿ ಎಷ್ಟನ್ನು ತಂತ್ರಾಂಶ ಹಿಡಿಯುತ್ತದೆ, ಮನುಷ್ಯರು ಬರೆದದ್ದರಲ್ಲಿ ಎಷ್ಟನ್ನು ತಪ್ಪಾಗಿ ಹಿಡಿಯುತ್ತದೆ. ಚಾಟ್‌ಜಿಪಿಟಿ ತಯಾರಿಸಿದ ಓಪನ್ಎಐ ಸಂಸ್ಥೆಯೇ 2023ರ ಜನವರಿಯಲ್ಲಿ ಒಂದು ಪತ್ತೆ ಸಾಧನವನ್ನು ಹೊರತಂದಿತ್ತು. ಸಂಸ್ಥೆಯೇ ಕೊಟ್ಟ ಲೆಕ್ಕದಂತೆ, ಇಂಗ್ಲಿಷಿನಲ್ಲಿ ಯಂತ್ರ ಬರೆದದ್ದರಲ್ಲಿ ನೂರಕ್ಕೆ 26ನ್ನು ಅದು ಹಿಡಿಯುತ್ತಿತ್ತು, ಮನುಷ್ಯರದ್ದರಲ್ಲಿ ನೂರಕ್ಕೆ 9ನ್ನು ತಪ್ಪಾಗಿ ಹಿಡಿಯುತ್ತಿತ್ತು. ಸ್ಪರ್ಧೆಯೊಂದಕ್ಕೆ 200 ಪ್ರಬಂಧ ಬಂದು, ಅದರಲ್ಲಿ 20 ಯಂತ್ರದವು ಎಂದಿಟ್ಟುಕೊಳ್ಳಿ. ಆ ಇಪ್ಪತ್ತರಲ್ಲಿ ಸಿಕ್ಕಿಬೀಳುವುದು ಸುಮಾರು 5. ಉಳಿದ 180 ಜನರಲ್ಲಿ ಏನೂ ಮಾಡದೆ ಸಿಕ್ಕಿಬೀಳುವವರು ಸುಮಾರು 16. ಹೀಗೆ ಸಿಕ್ಕಿಬಿದ್ದ 21 ಜನರಲ್ಲಿ 16 ಮಂದಿ ನಿರಪರಾಧಿಗಳು! ನಿಖರತೆ ಸಾಲದೆಂದು ಸಂಸ್ಥೆ ಅದೇ ಜುಲೈಯಲ್ಲಿ ಆ ಸಾಧನವನ್ನು ಹಿಂತೆಗೆದುಕೊಂಡಿತು. ಈಗಿನವು ಬಹಳ ಚುರುಕು, ನೂರಕ್ಕೆ 80 ಹಿಡಿದು 5ರಲ್ಲಷ್ಟೇ ತಪ್ಪುತ್ತವೆ ಎಂದುಕೊಂಡರೂ, ಅದೇ 200ರಲ್ಲಿ ಸಿಕ್ಕಿಬೀಳುವುದು 25, ಅದರಲ್ಲಿ ನಿರಪರಾಧಿಗಳು 9. ಇದೆಲ್ಲ ಇಂಗ್ಲಿಷಿನ ಮಾತು. ಕನ್ನಡದಲ್ಲಿ ಇಂಥ ಸಾಧನಕ್ಕೆ ತರಬೇತಿ ಕೊಡಲು ಸಿಗುವ ಪಠ್ಯ ತೀರಾ ಕಡಿಮೆ.

ಸಾಧ್ಯತೆ ಎಷ್ಟಿದ್ದರೆ ಕ್ರಮ ಕೈಗೊಳ್ಳಬೇಕು ಎನ್ನುವುದು ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರ ಕೊಡಬೇಕಾದವರು ನಾವು, ಯಂತ್ರವಲ್ಲ. ಇಲ್ಲಿ ಎರಡು ಬಗೆಯ ತಪ್ಪಿಗೆ ಎಡೆಯಿದೆ. ಯಂತ್ರದ ಬರಹಕ್ಕೆ ಬಹುಮಾನ ಹೋದರೆ ಇನ್ನೊಬ್ಬರ ಅವಕಾಶ ತಪ್ಪುತ್ತದೆ, ಸ್ಪರ್ಧೆಯ ಹೆಸರು ಕೆಡುತ್ತದೆ. ತಾನೇ ಬರೆದವರನ್ನು ಕಳ್ಳರೆಂದು ಸಾರಿದರೆ, ಮಾಟುಂಗಾದಿಂದ ದಹಿಸರ್‌ವರೆಗೆ ಎಲ್ಲರೂ ಎಲ್ಲರಿಗೂ ಗೊತ್ತಿರುವ ಮುಂಬಯಿಯ ನಮ್ಮ ಕನ್ನಡ ಸಂಘಗಳ ಲೋಕದಲ್ಲಿ ಆ ಮಾತು ಹತ್ತು ವರ್ಷ ಓಡಾಡುತ್ತದೆ. ಎರಡನೆಯ ತಪ್ಪು ಮೊದಲನೆಯದಕ್ಕಿಂತ ಒಂಬತ್ತು ಪಟ್ಟು ಕೆಟ್ಟದ್ದೆಂದು ನೀವು ಒಪ್ಪುವುದಾದರೆ, ಸಾಧ್ಯತೆ ನೂರಕ್ಕೆ 90 ದಾಟುವವರೆಗೆ ಶಿಕ್ಷೆ ಸಲ್ಲದು. ಒಂಬತ್ತೆಂಬ ಸಂಖ್ಯೆಯ ಬಗ್ಗೆ ಚರ್ಚಿಸೋಣ. ಆದರೆ ಯಾವುದೋ ಒಂದು ಸಂಖ್ಯೆಯನ್ನು ಬರಹ ತೆರೆಯುವ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಹೆಸರು ನೋಡಿದ ಮೇಲೆ ಗೊತ್ತುಮಾಡಿದರೆ ಬೇಕಾದವರಿಗೆ ಒಂದು, ಬೇಡವಾದವರಿಗೆ ಒಂದು ಆಗುತ್ತದೆ.

ಅಂಕಿಗಳಿಂದ ಕರ್ತೃವನ್ನು ಕಂಡುಹಿಡಿಯಲು ಆಗುವುದೇ ಇಲ್ಲವೆಂದು ನಾವು ಹೇಳುತ್ತಿಲ್ಲ. 1964ರಲ್ಲಿ ಮಾಸ್ಟೆಲರ್ ಮತ್ತು ವ್ಯಾಲೆಸ್ ಎಂಬ ಸಂಖ್ಯಾಶಾಸ್ತ್ರಜ್ಞರು ಅಮೆರಿಕದ ಸಂವಿಧಾನದ ಪರವಾಗಿ ಹ್ಯಾಮಿಲ್ಟನ್, ಮ್ಯಾಡಿಸನ್ ಮೊದಲಾದವರು ಬರೆದ ಫೆಡರಲಿಸ್ಟ್ ಲೇಖನಮಾಲೆಯಲ್ಲಿ ವಿವಾದದಲ್ಲಿದ್ದ 12 ಲೇಖನಗಳು ಮ್ಯಾಡಿಸನ್‌ನವೆಂದು ಬಲವಾಗಿ ತೋರಿಸಿಕೊಟ್ಟರು. ‘ಅಪಾನ್’ (upon) ಎಂಬ ಪುಟ್ಟ ಇಂಗ್ಲಿಷ್ ಪದ ಹ್ಯಾಮಿಲ್ಟನ್‌ನಲ್ಲಿ ಸಾವಿರ ಪದಕ್ಕೆ ಸುಮಾರು ಮೂರು ಸಲ ಬಂದರೆ ಮ್ಯಾಡಿಸನ್‌ನಲ್ಲಿ ಅಪರೂಪ. ಅಲ್ಲಿ ಆ ಲೆಕ್ಕ ಕೈಹಿಡಿದದ್ದಕ್ಕೆ ಕಾರಣವಿತ್ತು: ಸಂಭವನೀಯ ಕರ್ತೃಗಳು ಇಬ್ಬರೇ, ಇಬ್ಬರ ಬರಹವೂ ಧಾರಾಳವಾಗಿ ಸಿಗುತ್ತಿತ್ತು, ಕಾಲವೂ ವಿಷಯವೂ ಒಂದೇ. ಮೊದಲ ಸಲ ಅಚ್ಚಾದ, ಎರಡು ಪುಟದ ಪ್ರಬಂಧ ಬರೆದವರ ವಿಚಾರದಲ್ಲಿ ಹೋಲಿಸಿ ನೋಡುವುದಕ್ಕೇ ಏನೂ ಇಲ್ಲ. ಕನ್ನಡದಲ್ಲಿ ಇನ್ನೊಂದು ತೊಡಕು: ಅಂಥ ಪುಟ್ಟ ಪದಗಳು ಮಾಡುವ ಕೆಲಸವನ್ನು ನಮ್ಮಲ್ಲಿ ಬಹುಮಟ್ಟಿಗೆ ಪ್ರತ್ಯಯಗಳು ಮಾಡುತ್ತವೆ. ‘ಊರಿನಿಂದಲೇ’ ಎಂಬುದನ್ನು ಬಿಡಿಸದೆ ಹಾಗೇ ಎಣಿಸಿದರೆ ಲೇಖಕರ ಅಭ್ಯಾಸ ಕಾಣುವುದಿಲ್ಲ. ಬಿಡಿಸಿ ಎಣಿಸಲು ಹೊರಟರೆ, ‘ಅಂತ–ಎಂದು’ವಿನಂಥ ಗುರುತುಗಳನ್ನು ಕರಡು ತಿದ್ದುವವರು ಮೊದಲೇ ಅಳಿಸಿರುತ್ತಾರೆ.

ಹೆಸರಿನ ಕೆಳಗೆ ಶೇಕಡಾ ಅಚ್ಚು ಮಾಡುವ ನಿಮ್ಮ ಸಲಹೆಗೆ ಬರೋಣ. ಒಬ್ಬರು ಯಂತ್ರದಿಂದ ವಿಷಯ, ವಾದ, ಕ್ರಮ ಎಲ್ಲವನ್ನೂ ಪಡೆದು ಪದಗಳನ್ನು ಮಾತ್ರ ಸ್ವಂತವಾಗಿ ಬರೆಯುತ್ತಾರೆ. ಪದ ಎಣಿಸಿದರೆ ಯಂತ್ರದ ಪಾಲು ಸೊನ್ನೆ. ಇನ್ನೊಬ್ಬರದು ಮುಂಬಯಿಯಲ್ಲೇ ಹುಟ್ಟಿ ಮರಾಠಿ ಮಾಧ್ಯಮದಲ್ಲಿ ಓದಿದ, ಮನೆಯಲ್ಲಿ ಸೊಗಸಾಗಿ ಕನ್ನಡ ಆಡಿದರೂ ಲಿಪಿ ಬಾರದ ತಲೆಮಾರು. ಅವರು ಫೋನಿಗೆ ಬಾಯಲ್ಲಿ ಹೇಳಿ ಬರೆಸುತ್ತಾರೆ, ಕಾಗುಣಿತವನ್ನು ಯಂತ್ರ ತಿದ್ದುತ್ತದೆ. ಯಂತ್ರ ಮುಟ್ಟದ ಸಾಲೇ ಇಲ್ಲ, ಆದರೆ ಬರಹ ಪೂರ್ತಿ ಅವರದ್ದೇ. ಶೇಕಡಾ ಹಾಕಿದರೆ ಮೊದಲಿನವರಿಗೆ ಸಲ್ಲದ ಮನ್ನಣೆ, ಎರಡನೆಯವರಿಗೆ ಅನ್ಯಾಯ, ಓದುಗರಿಗೆ ಸುಳ್ಳು.

ಯಾರು ಯಾವ ಕೆಲಸ ಮಾಡಿದರೆಂದು ಹೇಳುವುದು ಇದಕ್ಕಿಂತ ಪ್ರಾಮಾಣಿಕ. ವಿಜ್ಞಾನ ಲೋಕ ಆ ದಾರಿ ಹಿಡಿದಿದೆ. 2015ರಲ್ಲಿ ಭೌತವಿಜ್ಞಾನದ ಹಿಗ್ಸ್ ಎಂಬ ಮೂಲಕಣದ ದ್ರವ್ಯರಾಶಿಯ ಕುರಿತ ಒಂದು ಪ್ರಬಂಧಕ್ಕೆ 5,154 ಲೇಖಕರಿದ್ದರು. ಅಲ್ಲಿ ‘ಲೇಖಕ’ ಎಂಬುದರಿಂದ ಯಾರು ಏನು ಮಾಡಿದರೆಂದು ತಿಳಿಯುವುದಿಲ್ಲ. ಇಂಥ ತೊಡಕಿಗೆಂದೇ ಅನೇಕ ನಿಯತಕಾಲಿಕೆಗಳು ಪರಿಕಲ್ಪನೆ, ಮಾಹಿತಿ ಸಂಗ್ರಹ, ಮೊದಲ ಕರಡು, ಪರಿಷ್ಕರಣೆ ಎಂಬಂಥ 14 ಪಾತ್ರಗಳ ಪಟ್ಟಿ ಇಟ್ಟುಕೊಂಡಿವೆ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಲೇಖಕರೆನಿಸಿಕೊಳ್ಳಲು ನಾಲ್ಕು ಷರತ್ತು ಹಾಕಿದೆ. ನಾಲ್ಕನೆಯದು, ಬರಹದ ಎಲ್ಲ ಅಂಶಗಳಿಗೂ ಉತ್ತರದಾಯಿಯಾಗಿರುವುದು. ಯಂತ್ರವನ್ನು ಲೇಖಕರ ಸಾಲಿಗೆ ಸೇರಿಸಲಾಗದು ಎನ್ನುವವರ ವಾದ ನಿಂತಿರುವುದು ಈ ಷರತ್ತಿನ ಮೇಲೆ. ನಮ್ಮ ಕಾನೂನಿಗೂ ಯಂತ್ರ ಲೇಖಕನಲ್ಲ: 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಸೇರಿದ ಮಾತಿನಂತೆ, ಕಂಪ್ಯೂಟರಿನಿಂದ ತಯಾರಾದ ಕೃತಿಗೆ ಅದು ತಯಾರಾಗುವಂತೆ ಮಾಡಿದ ವ್ಯಕ್ತಿಯೇ ಲೇಖಕ. ಪಾತ್ರಗಳನ್ನು ಬಿಡಿಸಿ ಹೇಳುವುದು ಕನ್ನಡಕ್ಕೆ ಹೊಸದೂ ಅಲ್ಲ. ಕವಿರಾಜಮಾರ್ಗವನ್ನು ರಚಿಸಿದವನು ಶ್ರೀವಿಜಯನೋ ನೃಪತುಂಗನೋ ಎಂಬ ಚರ್ಚೆ ಹುಟ್ಟಿದ್ದೇ ಗ್ರಂಥದೊಳಗೆ ಬರೆದವನ ಜೊತೆಗೆ ಅನುಮತಿಸಿದವನ ಮಾತೂ ಇರುವುದರಿಂದ. ನಮ್ಮ ಪತ್ರಿಕೆಗಳು ಇಂದಿಗೂ ‘ನಿರೂಪಣೆ’, ‘ಅನುವಾದ’, ‘ಸಂಗ್ರಹ’ ಎಂದು ಬೇರೆ ಬೇರೆ ಅಚ್ಚು ಮಾಡುತ್ತವೆ.

ಈ ಸ್ಪರ್ಧೆಯಲ್ಲಿ ನಡೆದದ್ದು ಹೀಗೆ. ತೀರ್ಪುಗಾರರು ಹೆಸರಿಲ್ಲದ ಪ್ರತಿಗಳನ್ನು ಓದಿ ಅಂಕ ಕೊಟ್ಟರು. ಬಳಿಕ ಕೊನೆಯ ಸುತ್ತಿಗೆ ಬಂದ ಎಲ್ಲರಿಂದಲೂ, ಅನುಮಾನ ಬಂದವರಿಂದಷ್ಟೇ ಅಲ್ಲ, ಮೊದಲ ಕರಡಿನ ಫೋಟೋ ಅಥವಾ ಫೋನಿನಲ್ಲಿ ಉಳಿದ ಹಳೆಯ ಆವೃತ್ತಿಗಳನ್ನು ತರಿಸಿಕೊಂಡು, ಇಪ್ಪತ್ತು ನಿಮಿಷ ಮಾತಾಡಿಸಲಾಯಿತು. ಬರಹದಲ್ಲಿ ಬಂದ ಊರು, ಇಸವಿ, ಗ್ರಂಥದ ಹೆಸರುಗಳಲ್ಲಿ ಮೂರನ್ನು ಬೇರೆ ಕಡೆ ತಾಳೆ ನೋಡಲಾಯಿತು. ಇಲ್ಲದ ಪುಸ್ತಕವನ್ನು ಇದೆಯೆಂದು ಉದಾಹರಿಸುವುದು ಭಾಷಾಮಾದರಿಗಳ ದೊಡ್ಡ ದೋಷವಾದ್ದರಿಂದ ಪತ್ತೆ ತಂತ್ರಾಂಶಕ್ಕಿಂತ ಈ ಹೆಜ್ಜೆಯ ಮೇಲೆ ನಮಗೆ ಹೆಚ್ಚು ಭರವಸೆ. ನೀವು ಶಂಕಿಸಿದ ಪ್ರಬಂಧದ ಕರಡಿನಲ್ಲಿ ಹಾಜರಿ ಕರೆಯುವ ಭಾಗ ಮೊದಲ ಪುಟದಲ್ಲಿತ್ತು, ಆಮೇಲೆ ಒಳಕ್ಕೆ ಸರಿದಿದೆ. ‘ಮಸ್ಟರ್’ ಎಂಬ ಪದ ಹೊಡೆದುಹಾಕಿ ‘ಹಾಜರಿ ಪುಸ್ತಕ’ ಎಂದಾಗಿದೆ. ಹೋಟೆಲಿನ ಪಾಳಿಯ ಕುರಿತ ಒಂದು ಪ್ಯಾರಾವನ್ನೇ ಕೈಬಿಟ್ಟದ್ದೇಕೆ ಎಂದು ಕೇಳಿದಾಗ, ಮಾಹಿತಿ ಕೊಟ್ಟ ಹಿರಿಯರು ಮಾಲೀಕರ ಗುರುತು ಸಿಗಬಾರದೆಂದು ಕೇಳಿಕೊಂಡಿದ್ದರು ಎಂದು ಲೇಖಕಿ ವಿವರಿಸಿದರು. ಯಾವುದನ್ನು, ಯಾರಿಗಾಗಿ ಬಿಟ್ಟೆ ಎಂದು ಬಲ್ಲವರನ್ನು ನಾವು ಲೇಖಕರೆನ್ನುತ್ತೇವೆ.

ಕರಡನ್ನೂ ಯಂತ್ರದಿಂದಲೇ ಹುಟ್ಟಿಸಬಹುದಲ್ಲ ಎಂದು ನೀವು ಕೇಳಬಹುದು. ಹುಟ್ಟಿಸಬಹುದು. ಕರಡು, ಮಾತುಕತೆ, ತಾಳೆ ಈ ಮೂರರ ಬಲ ಇರುವುದು ಅವು ಬೇರೆ ಬೇರೆ ದಿಕ್ಕಿನಿಂದ ಬರುವುದರಲ್ಲಿ. ಒಂದನ್ನು ವಂಚಿಸಿದವರು ಮೂರನ್ನೂ ವಂಚಿಸುವುದು ಕಷ್ಟ.

ಮುಂದಿನ ಸ್ಪರ್ಧೆಯಿಂದ ಪ್ರವೇಶಪತ್ರದ ಜೊತೆ ಒಂದು ಚೀಟಿ ಇರುತ್ತದೆ: ವಿಷಯ ಯಾರದು, ಮಾಹಿತಿ ಎಲ್ಲಿಂದ, ಮೊದಲ ಕರಡು ಯಾರದು, ಯಾವ ಸಾಧನವನ್ನು ಯಾವ ಭಾಗಕ್ಕೆ ಬಳಸಿದಿರಿ, ಓದುಗರ ಪ್ರಶ್ನೆಗೆ ಯಾರು ಉತ್ತರಿಸುತ್ತೀರಿ. ಕಾಗುಣಿತ ತಿದ್ದುವುದಕ್ಕೂ ಧ್ವನಿ ಟೈಪಿಂಗಿಗೂ ಅಡ್ಡಿಯಿಲ್ಲ. ಯಂತ್ರ ಬರೆದ ಪ್ಯಾರಾವನ್ನು ಮುಚ್ಚಿಟ್ಟರೆ ಬಹುಮಾನ ರದ್ದು. ಅಚ್ಚಾಗದ ಬರಹವನ್ನು ಲೇಖಕರ ಒಪ್ಪಿಗೆಯಿಲ್ಲದೆ ಯಾವ ಪತ್ತೆ ಜಾಲತಾಣಕ್ಕೂ ನಾವು ಏರಿಸುವುದಿಲ್ಲ. ಅದು ಅವರ ಆಸ್ತಿ.

ಈ ಪ್ರಬಂಧದ ಯಾವುದಾದರೂ ಭಾಗ ಬೇರೆಡೆ ಅಚ್ಚಾಗಿರುವುದು ನಿಮ್ಮ ಕಣ್ಣಿಗೆ ಬಿದ್ದಿದ್ದರೆ, ಅಥವಾ ಅದರಲ್ಲಿರುವ ಒಂದು ಸಂಗತಿ ಸುಳ್ಳೆಂದು ಗೊತ್ತಿದ್ದರೆ, ಪುಟದ ಪ್ರತಿ ಕಳಿಸಿ. ಲೇಖಕಿಯ ಮುಂದಿಟ್ಟು ವಿಚಾರಿಸಿ, ಬಂದ ಉತ್ತರವನ್ನು ಇದೇ ಅಂಕಣದಲ್ಲಿ ಪ್ರಕಟಿಸುತ್ತೇವೆ.

– ಸಂಪಾದಕ