ಕಾಸರಗೋಡಿನ ಗಡಿಯೂರುಗಳಲ್ಲಿ ಸ್ವಯಂಸೇವಕರಿಗಿರುವ ದೊಡ್ಡ ಆತಂಕ ಯಾವುದು?

ನಿಮ್ಮ ಪ್ರಶ್ನೆ ಹೀಗಿದೆ: ‘ಉದ್ಯೋಗನಿಮಿತ್ತ ಮಂಜೇಶ್ವರ ತಾಲೂಕಿಗೆ ಬಂದು ನೆಲೆಸಿದ್ದೇನೆ. ಇಲ್ಲಿ ಪೊಲೀಸ್ ಠಾಣೆ, ಆಸ್ಪತ್ರೆ, ಅಗ್ನಿಶಾಮಕ ಠಾಣೆ ಎಲ್ಲವೂ ಇವೆ. ಆದರೂ ಏನೇ ಅವಘಡವಾದರೂ ಮೊದಲು ಓಡಿ ಬರುವವರು ಊರಿನ ಸ್ವಯಂಸೇವಕರೇ. ಹಾಗೇಕೆ? ನಿಮಗಿರುವ ದೊಡ್ಡ ಆತಂಕ ಯಾವುದು? ನಾನೂ ನಿಮ್ಮೊಂದಿಗೆ ಸೇರಬಹುದೇ?’

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಖಂಡಿತ ಸೇರಿ. 2018 ಮತ್ತು 2019ರ ಪ್ರವಾಹಗಳ ಅನುಭವದ ಬಳಿಕ ಕೇರಳ ಸರಕಾರವು ಅಗ್ನಿಶಾಮಕ ಮತ್ತು ರಕ್ಷಣಾ ಇಲಾಖೆಯ ಅಧೀನದಲ್ಲಿ, ಠಾಣೆಯೊಂದಕ್ಕೆ 50 ಮಂದಿಯಂತೆ, ಸಿವಿಲ್ ಡಿಫೆನ್ಸ್ ಎಂಬ ಸ್ವಯಂಸೇವಕ ಪಡೆಯನ್ನು ಕಟ್ಟಿತು. ನಾನು ಅದರ ಒಬ್ಬ ಸದಸ್ಯ. ಆತಂಕದ ವಿಷಯ ಹೇಳುವುದಾದರೆ, ಅವಘಡ ಸಂಭವಿಸಿದ ಕ್ಷಣಕ್ಕೂ ತರಬೇತಿ ಪಡೆದ ಕೈಗಳು ಅಲ್ಲಿಗೆ ತಲುಪುವ ಕ್ಷಣಕ್ಕೂ ನಡುವೆ ಇರುವ ಹೊತ್ತೇ ನಮ್ಮ ದೊಡ್ಡ ಆತಂಕ. ನಮ್ಮ ಗಡಿಭಾಗದಲ್ಲಿ ಆ ಹೊತ್ತು ತೀರ ಉದ್ದವಾಗಿದೆ. ಅದನ್ನು ಸ್ವಯಂಸೇವಕರು ಹೇಗೋ ತುಂಬುತ್ತಾರೆ ಎಂಬ ಭರವಸೆಯ ಮೇಲೆಯೇ ವ್ಯವಸ್ಥೆ ನಡೆಯುತ್ತಿದೆ ಎಂಬುದು ನನ್ನನ್ನು ಇನ್ನಷ್ಟು ಕಾಡುತ್ತದೆ.

ಇಲ್ಲಿನ ಭೂಗೋಳವನ್ನು ಸ್ವಲ್ಪ ನೋಡಿ. ಕಾಸರಗೋಡು ಪಟ್ಟಣದಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರು. ರಾಜಧಾನಿ ತಿರುವನಂತಪುರಕ್ಕೆ 550ಕ್ಕೂ ಹೆಚ್ಚು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು, 1984ರಲ್ಲಿ ಪ್ರತ್ಯೇಕ ಜಿಲ್ಲೆಯಾದೆವು. ಆದರೆ ತಲೆಗೆ ಪೆಟ್ಟಾದವರನ್ನು, ಹೃದಯಾಘಾತವಾದವರನ್ನು, ಹೆರಿಗೆಯಲ್ಲಿ ತೊಡಕಾದವರನ್ನು ನಾವು ಅಂದಿನಿಂದ ಇಂದಿನವರೆಗೂ ರಾಜ್ಯದ ಗಡಿಯಾದ ತಲಪಾಡಿ ದಾಟಿಸಿ ಮಂಗಳೂರಿಗೇ ಒಯ್ಯುತ್ತಿದ್ದೇವೆ. ದಕ್ಷಿಣಕ್ಕೆ ಹೊರಟರೆ ಪರಿಯಾರಂ ವೈದ್ಯಕೀಯ ಕಾಲೇಜು ಮಂಜೇಶ್ವರದಿಂದ ನೂರು ಕಿಲೋಮೀಟರಿನ ಆಸುಪಾಸಿನಲ್ಲಿದೆ. ನಮ್ಮದೇ ಜಿಲ್ಲೆಯ ಉಕ್ಕಿನಡ್ಕದ ಸರಕಾರಿ ವೈದ್ಯಕೀಯ ಕಾಲೇಜಿಗೆ ಶಿಲಾನ್ಯಾಸವಾದದ್ದು 2013ರ ನವೆಂಬರಿನಲ್ಲಿ. 2020ರ ಏಪ್ರಿಲಿನಲ್ಲಿ ಕೋವಿಡ್ ಬಂದಾಗ ಅದರ ತರಗತಿ ಕಟ್ಟಡವನ್ನೇ ತರಾತುರಿಯಲ್ಲಿ ಆಸ್ಪತ್ರೆಯಾಗಿ ಬದಲಾಯಿಸಬೇಕಾಯಿತು.

ಆ ವರ್ಷದ ಮಾರ್ಚ್ ಕೊನೆಯ ದಿನಗಳನ್ನು ಇಲ್ಲಿ ಯಾರೂ ಮರೆತಿಲ್ಲ. ಕರ್ನಾಟಕವು ಗಡಿರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ಡಯಾಲಿಸಿಸಿಗೆ, ಹೃದ್ರೋಗದ ಚಿಕಿತ್ಸೆಗೆ ಮಂಗಳೂರನ್ನೇ ನಂಬಿಕೊಂಡಿದ್ದವರು ತಲಪಾಡಿಯಲ್ಲಿ ತಡೆಯಲ್ಪಟ್ಟರು, ಚಿಕಿತ್ಸೆ ಸಿಗದೆ ಹಲವರು ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತಡೆಯನ್ನು ತೆಗೆಸುವಂತೆ ಕೇಂದ್ರ ಸರಕಾರಕ್ಕೆ ಆದೇಶಿಸಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು, ಕೊನೆಗೆ ತುರ್ತು ರೋಗಿಗಳಿಗೆ ಮಾತ್ರ ದಾರಿ ತೆರೆಯಿತು. ಯಾವ ಸರಕಾರದ ತಪ್ಪು ಎಷ್ಟು ಎಂಬ ಚರ್ಚೆಗೆ ನಾನಿಲ್ಲಿ ಇಳಿಯುವುದಿಲ್ಲ. ಒಂದು ತಾಲೂಕಿನ ಜನರ ಜೀವ ಇನ್ನೊಂದು ರಾಜ್ಯದ ಒಂದು ರಸ್ತೆಯನ್ನು ಅವಲಂಬಿಸಿಕೊಂಡಿರುವುದು ಸುರಕ್ಷತೆಯ ಲಕ್ಷಣವಲ್ಲ ಎಂಬುದು ಅಂದು ಎಲ್ಲರಿಗೂ ಕಂಡಿತು. ಆದರೆ ಅವಲಂಬನೆ ಹಾಗೆಯೇ ಮುಂದುವರಿದಿದೆ.

ಈ ಅವಲಂಬನೆಗೆ ಹೊರಗಿನವರಿಗೆ ಕಾಣದ ಇನ್ನೊಂದು ಮುಖವಿದೆ. ಅಪಘಾತ ಕೇರಳದ ನೆಲದಲ್ಲಿ ಆಗಿ, ಗಾಯಾಳು ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರೆ, ಕಾಗದಪತ್ರಗಳು ಎರಡು ರಾಜ್ಯಗಳ ಪೊಲೀಸರ ನಡುವೆ ಓಡಾಡಬೇಕಾಗುತ್ತದೆ. ಮನೆಯವರು ಶವಾಗಾರದ ಹೊರಗೆ ಗಂಟೆಗಟ್ಟಲೆ ಕಾಯುತ್ತಾರೆ. ಠಾಣೆಯಲ್ಲಿರುವ ಬೆರಳೆಣಿಕೆಯ ಸಿಬ್ಬಂದಿಯಲ್ಲಿ ಒಬ್ಬರು ಅದಕ್ಕೆಂದು ಹೋದರೆ ಆ ದಿನ ಇಲ್ಲಿನ ಗಸ್ತಿಗೆ ಜನ ಕಡಿಮೆ. ತುರ್ತು ಕರೆಯ ಕತೆಯೂ ಹೀಗೆಯೇ. ವರ್ಕಾಡಿ, ಮೀಂಜ ಕಡೆಯ ಕೆಲವು ಮನೆಗಳಲ್ಲಿ ಮೊಬೈಲು ಹಿಡಿಯುವುದು ಕರ್ನಾಟಕದ ಟವರನ್ನು. ಅಲ್ಲಿಂದ 112ಕ್ಕೆ ಕರೆಮಾಡಿದರೆ ಕರೆ ಹೋಗುವುದು ಕರ್ನಾಟಕದ ನಿಯಂತ್ರಣ ಕೊಠಡಿಗೆ. ಅವರು ಸೌಜನ್ಯದಿಂದಲೇ ಮಾತಾಡುತ್ತಾರೆ, ಆದರೆ ಸ್ಥಳ ಅವರ ವ್ಯಾಪ್ತಿಯದ್ದಲ್ಲ ಎಂದು ತಿಳಿಯುವಷ್ಟರಲ್ಲಿ ಅಮೂಲ್ಯ ನಿಮಿಷಗಳು ಕಳೆದಿರುತ್ತವೆ. ಆದ್ದರಿಂದ ನಿಮ್ಮ ವ್ಯಾಪ್ತಿಯ ಪೊಲೀಸ್ ಠಾಣೆ ಮತ್ತು ಅಗ್ನಿಶಾಮಕ ಠಾಣೆಯ ಸ್ಥಿರ ದೂರವಾಣಿ ಸಂಖ್ಯೆಗಳನ್ನು ಇಂದೇ ಬರೆದಿಟ್ಟುಕೊಳ್ಳಿ.

ಮಳೆಗಾಲದಲ್ಲಿ ನನಗೆ ಅತ್ಯಂತ ಭಯ ಹುಟ್ಟಿಸುವುದು ಹೊಳೆಗಳಲ್ಲ. ಹೊಳೆಯ ಗುಣ ಊರವರಿಗೆ ಗೊತ್ತು. ಭಯವಿರುವುದು ಕೆಂಪುಕಲ್ಲು ಕಡಿದು ಬಿಟ್ಟುಹೋದ ಕೋರೆಗಳದ್ದು. ಪೈವಳಿಕೆ, ಪುತ್ತಿಗೆ, ಬದಿಯಡ್ಕ ಕಡೆಯ ಗುಡ್ಡಗಳಲ್ಲಿ ನಡೆದರೆ ನಿಮಗೇ ಕಾಣುತ್ತದೆ. ಯಂತ್ರದಿಂದ ಕಲ್ಲು ಕೊಯ್ದಿರುವುದರಿಂದ ಕೋರೆಯ ಬದಿಗಳು ಗೋಡೆಯಂತೆ ನೇರವಾಗಿರುತ್ತವೆ, ಕಾಲಿಡಲು ಒಂದು ಮೆಟ್ಟಿಲಿನಷ್ಟು ಜಾಗವೂ ಇರುವುದಿಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಾಡಿನಲ್ಲಿ ಅವು ಜೂನ್ ಮುಗಿಯುವುದರೊಳಗೆ ತುಂಬುತ್ತವೆ. ನೀರು ಕೆಂಪಾಗಿ ಕದಡಿರುವುದರಿಂದ ಆಳ ತಿಳಿಯುವುದಿಲ್ಲ. ನೆನೆದ ಅಂಚು ಕೈಯಿಟ್ಟಲ್ಲಿ ಪುಡಿಯಾಗುತ್ತದೆ. ಈಜು ಬಲ್ಲ ಹುಡುಗನೂ ಒಮ್ಮೆ ಬಿದ್ದರೆ ಮೇಲೆ ಹತ್ತಲಾರದೆ ಸುಸ್ತಾಗಿ ಮುಳುಗುತ್ತಾನೆ. ಅವನನ್ನು ಹಿಡಿಯಲು ಧುಮುಕಿದ ಗೆಳೆಯನ ಗತಿಯೂ ಅದೇ. ನಾವು ಶಾಲೆಗಳಲ್ಲಿ ಮತ್ತೆ ಮತ್ತೆ ಹೇಳಿಕೊಡುವುದು ಇಷ್ಟೇ: ನೀರಿಗೆ ಹಾರಬೇಡಿ, ಬಾಯಿ ಭದ್ರವಾಗಿ ಮುಚ್ಚಿದ ಖಾಲಿ ಪ್ಲಾಸ್ಟಿಕ್ ಕ್ಯಾನಿಗೆ ಬಾವಿಯ ಹಗ್ಗ ಕಟ್ಟಿ ಎಸೆಯಿರಿ, ಮಲಗಿಕೊಂಡು ಎಳೆಯಿರಿ, ಕೂಗಿ ಜನ ಸೇರಿಸಿ. ಕಲ್ಲು ತೆಗೆಯಲು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರವಾನಗಿ ಬೇಕು. ಆದರೆ ಕಲ್ಲು ಮುಗಿದ ಮೇಲೆ ಬೇಲಿ ಕಟ್ಟುವ, ಹೊಂಡ ಮುಚ್ಚುವ ಹೊಣೆಯನ್ನು ಬೆನ್ನುಹತ್ತಿ ಮಾಡಿಸುವವರಿಲ್ಲ. ನಾವು ಹಗ್ಗ ಕಟ್ಟಿ, ಕೆಂಪು ಬಟ್ಟೆ ನೇತುಹಾಕಿ ಬರುತ್ತೇವೆ. ಒಂದು ಗಾಳಿಮಳೆಗೆ ಅದು ಹೋಗುತ್ತದೆ.

ಹಾವು ಕಡಿತದ ಬಗ್ಗೆಯೂ ಹೇಳಲೇಬೇಕು, ಏಕೆಂದರೆ ಅಡಿಕೆ ತೋಟದ ನಡುವೆ ಬದುಕುವವರು ನಾವು. ಎಣ್ಮಕಜೆಯ ಒಳಭಾಗದ ಒಂದು ಮನೆಗೆ ಹೋದಾಗ, ಕೊಳಕುಮಂಡಲ ಕಡಿದ ಕಾಲಿಗೆ ಮನೆಯವರು ಬೈರಾಸನ್ನು ಎಷ್ಟು ಬಿಗಿಯಾಗಿ ಕಟ್ಟಿದ್ದರೆಂದರೆ ಪಾದ ಕಪ್ಪಾಗತೊಡಗಿತ್ತು. ಅಂಥ ಕಟ್ಟು ವಿಷವನ್ನು ತಡೆಯುವುದಿಲ್ಲ, ಕಾಲನ್ನು ಕೆಡಿಸುತ್ತದೆ. ಕಡಿದ ಅಂಗವನ್ನು ಅಲುಗಾಡದಂತೆ ಇಟ್ಟು, ರೋಗಿಯನ್ನು ನಡೆಸದೆ, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಒಯ್ಯುವುದೊಂದೇ ಪ್ರಥಮ ಚಿಕಿತ್ಸೆ. ಚುಚ್ಚುಮದ್ದು ದಾಸ್ತಾನಿದ್ದರೆ ಸಾಲದು. ಅದನ್ನು ಕೊಟ್ಟ ಮೇಲೆ ತೀವ್ರ ಅಲರ್ಜಿಯಾದರೆ ನಿಭಾಯಿಸಬಲ್ಲ ವೈದ್ಯರು ರಾತ್ರಿಪಾಳಿಯಲ್ಲಿ ಇರಬೇಕು. ಅಂದು ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ಅಂಥವರಿರಲಿಲ್ಲ. ಅಲ್ಲಿದ್ದ ನರ್ಸು ತನ್ನಿಂದಾದದ್ದನ್ನೆಲ್ಲ ಮಾಡಿ ಕಳುಹಿಸಿಕೊಟ್ಟರು, ನಾವು ಕಾರಿನಲ್ಲಿ ಮಂಗಳೂರು ತಲುಪಿದೆವು, ರೋಗಿ ಉಳಿದರು. ಆ ನರ್ಸಿನ ಮೇಲೆ ನನಗೆ ಗೌರವವಿದೆ. ಇಬ್ಬರ ಕೆಲಸವನ್ನು ಒಬ್ಬರು ಮಾಡುವ ಸ್ಥಿತಿ ಅವರದ್ದು. ದೂರದ ಜಿಲ್ಲೆಗಳಿಂದ ನೇಮಕಗೊಂಡು ಬರುವವರಲ್ಲಿ ಹಲವರು ವರ್ಗಾವಣೆ ಪಡೆದು ಹಿಂದಿರುಗುತ್ತಾರೆ, ಹುದ್ದೆ ಕಾಗದದಲ್ಲಿ ಉಳಿಯುತ್ತದೆ.

ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ಪೀಡಿತರಾದವರ ಮನೆಗಳಲ್ಲಿ ಈ ಕೊರತೆಯ ಭಾರ ಇಮ್ಮಡಿಯಾಗುತ್ತದೆ. ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ವಿಷದ ಫಲವನ್ನು ಇಂದಿಗೂ ಹಾಸಿಗೆಯಲ್ಲೇ ಅನುಭವಿಸುತ್ತಿರುವವರಿದ್ದಾರೆ. ಪ್ರತಿಯೊಬ್ಬರಿಗೂ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಆದೇಶಿಸಿತು. ಆದರೆ ಮಗನನ್ನು ಎತ್ತಿ ಕೂರಿಸುತ್ತಿದ್ದ ತಾಯಿಗೆ ಈಗ ಅರುವತ್ತು ದಾಟಿದೆ. ಮನೆಗೆ ಬೆಂಕಿ ಬಿದ್ದರೆ, ನೀರು ನುಗ್ಗಿದರೆ ಅವರನ್ನು ಹೊರತರುವವರು ಯಾರು ಎಂಬ ಪಟ್ಟಿ ಪ್ರತಿ ವಾರ್ಡಿನಲ್ಲೂ ಇರಬೇಕು. ನಮ್ಮಲ್ಲಿ ಅದನ್ನು ಆಶಾ ಕಾರ್ಯಕರ್ತೆಯರ ಜೊತೆ ಕುಳಿತು ನಾವೇ ಬರೆದುಕೊಂಡಿದ್ದೇವೆ.

ಎಚ್ಚರಿಕೆಗಳ ಭಾಷೆಯ ಬಗ್ಗೆ ನನ್ನ ನಿಲುವು ಖಚಿತವಾಗಿದೆ. ಕಿತ್ತಳೆ ಅಥವಾ ಕೆಂಪು ಎಚ್ಚರಿಕೆಯ ಸಂದೇಶ ಮಲೆಯಾಳದಲ್ಲಿ ಮಾತ್ರ ಬಂದರೆ, ಕನ್ನಡ ಶಾಲೆಯಲ್ಲಿ ಕಲಿತ ಎಪ್ಪತ್ತರ ಅಜ್ಜಿಗೆ ಅದು ತಲುಪಿಲ್ಲ ಎಂದೇ ಅರ್ಥ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯು ಇಲ್ಲಿನ ಕನ್ನಡಿಗರಿಗೆ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕನ್ನು ಕೊಟ್ಟಿದೆ. ಪ್ರಾಣಕ್ಕೆ ಸಂಬಂಧಿಸಿದ ಸೂಚನೆಗೆ ಅರ್ಜಿ ಹಾಕಿ ಕಾಯುವಂತಾಗಬಾರದು. ಸದ್ಯಕ್ಕೆ ನಮ್ಮ ಗುಂಪಿನ ಒಬ್ಬ ಅಧ್ಯಾಪಕಿ ಸಂದೇಶ ಬಂದ ಕೂಡಲೇ ಕನ್ನಡದಲ್ಲಿ ಬರೆದು, ತುಳುವಿನಲ್ಲಿ ಧ್ವನಿಮುದ್ರಿಸಿ ವಾರ್ಡಿನ ವಾಟ್ಸ್ಆ್ಯಪ್ ಗುಂಪುಗಳಿಗೆ ಕಳುಹಿಸುತ್ತಾರೆ. ಅವರಿಗೆ ಜ್ವರ ಬಂದ ದಿನ ಆ ಕೆಲಸ ನಡೆಯುವುದಿಲ್ಲ. ಸ್ವಯಂಸೇವೆಯ ಮಿತಿ ಎಂದು ನಾನು ಹೇಳುತ್ತಿರುವುದು ಇದನ್ನೇ. ನಮ್ಮಲ್ಲಿ ಹೆಚ್ಚಿನವರು ದಿನಗೂಲಿಯವರು, ರಿಕ್ಷಾ ಓಡಿಸುವವರು, ಅಂಗಡಿಯವರು. ರಾತ್ರಿಯಿಡೀ ಆಸ್ಪತ್ರೆಯಲ್ಲಿ ಕುಳಿತವನು ಮರುದಿನದ ದುಡಿಮೆ ಕಳೆದುಕೊಳ್ಳುತ್ತಾನೆ.

ಇನ್ನು ನೀವು ಏನು ಮಾಡಬಹುದು ಎಂಬುದಕ್ಕೆ ಬರುತ್ತೇನೆ. ಉಪ್ಪಳ ಅಥವಾ ಕಾಸರಗೋಡಿನ ಅಗ್ನಿಶಾಮಕ ಠಾಣೆಯಲ್ಲಿ ಸಿವಿಲ್ ಡಿಫೆನ್ಸ್ ನೋಂದಣಿಯ ಬಗ್ಗೆ ವಿಚಾರಿಸಿ. ನಿಮಿಷಕ್ಕೆ 100ರಿಂದ 120 ಬಾರಿ ಎದೆ ಒತ್ತುವ ಕ್ರಮವನ್ನು ಪುಸ್ತಕದಿಂದ ಕಲಿಯದೆ ಬೊಂಬೆಯ ಮೇಲೆ ಕೈಯಿಟ್ಟು ಕಲಿಯಿರಿ. ರಸ್ತೆ ಅಪಘಾತದಲ್ಲಿ ನೆರವಾದರೆ ಠಾಣೆ, ಕೋರ್ಟು ಅಲೆಯಬೇಕಾದೀತು ಎಂಬ ಅಂಜಿಕೆ ಬೇಡ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ವಿಧಿಯು ನೆರವಾದವರಿಗೆ ರಕ್ಷಣೆ ನೀಡುತ್ತದೆ. ಇವೆಲ್ಲಕ್ಕಿಂತ ನಾನು ಮುಖ್ಯವೆಂದು ನಂಬಿರುವುದು ಗ್ರಾಮಸಭೆ. ಕೇರಳದ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಅದು ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಫಲಾನುಭವಿಗಳ ಪಟ್ಟಿ ಓದಿ ಮುಗಿದ ಕೂಡಲೇ ಜನ ಎದ್ದು ಹೋಗುತ್ತಾರೆ, ನೀವು ಕುಳಿತಿರಿ. ನಿಮ್ಮ ವಾರ್ಡಿನ ಕೋರೆಗಳ ಬೇಲಿ, ರಾತ್ರಿಪಾಳಿಯ ವೈದ್ಯರ ಹುದ್ದೆ, ಕನ್ನಡದಲ್ಲಿ ಎಚ್ಚರಿಕೆ, ಈ ಮೂರನ್ನೂ ಬರೆದು ಕೊಡಿ, ಅವು ನಡಾವಳಿ ಪುಸ್ತಕದಲ್ಲಿ ದಾಖಲಾಗುವವರೆಗೆ ಅಲ್ಲಿಂದ ಏಳಬೇಡಿ.