ಲಂಡನ್ನಿನ ಕಾನೂನು ಸಂಸ್ಥೆಗಳ ವೆಕೇಶನ್ ಸ್ಕೀಮ್‌ಗೆ ಅರ್ಜಿ ಹಾಕುವುದು ಹೇಗೆ? ಅವರ ಪರೀಕ್ಷೆಗಳಿಗೆ ತಯಾರಾಗುವುದು ಹೇಗೆ?

ನೀವು ಇಂಗ್ಲೆಂಡಿನಲ್ಲಿ ಮೂರು ವರ್ಷದ ಎಲ್‌ಎಲ್‌ಬಿಯ ಎರಡನೇ ವರ್ಷದಲ್ಲಿದ್ದೀರಿ. ಶಿವಮೊಗ್ಗದಲ್ಲಿ ತಂದೆಯವರ ಅಡಿಕೆ ಮಂಡಿಯ ಲೆಕ್ಕ ನೋಡಿಕೊಂಡದ್ದನ್ನು ಬಿಟ್ಟರೆ ಹೇಳಿಕೊಳ್ಳುವಂಥ ಅನುಭವವಿಲ್ಲ ಎಂದು ಬರೆದಿದ್ದೀರಿ. ಅರ್ಜಿ, ತರ್ಕಶಕ್ತಿಯನ್ನು ಅಳೆಯುವ ವಾಟ್ಸನ್ ಗ್ಲೇಸರ್ ಪರೀಕ್ಷೆ ಮತ್ತು ಚರ್ಚೆ, ಸಂದರ್ಶನಗಳ ಮೂಲಕ ಅಭ್ಯರ್ಥಿಗಳನ್ನು ಆರಿಸುವ ಅಸೆಸ್‌ಮೆಂಟ್ ಸೆಂಟರ್ ಈ ಮೂರಕ್ಕೂ ಹೇಗೆ ಸಿದ್ಧವಾಗಬೇಕೆಂದು ಕೇಳಿದ್ದೀರಿ. ನಾನು ವೆಕೇಶನ್ ಸ್ಕೀಮ್‌ನ (ವಿದ್ಯಾರ್ಥಿಗಳು ಕೆಲವು ವಾರ ಕಾನೂನು ಸಂಸ್ಥೆಯಲ್ಲಿ ಕೆಲಸ ಮಾಡಿ ನೋಡುವ ವ್ಯವಸ್ಥೆಯ) ದಾರಿಯಿಂದಲೇ ಲಂಡನ್ನಿನಲ್ಲಿ ಸಾಲಿಸಿಟರ್, ಅಂದರೆ ವಕೀಲ, ಆದವನು. ಕರ್ನಾಟಕದಿಂದ ಇಲ್ಲಿಗೆ ಓದಲು ಬಂದ ವಿದ್ಯಾರ್ಥಿಗಳ ಅರ್ಜಿಗಳನ್ನು ಈಗಲೂ ಓದಿ ಅಭಿಪ್ರಾಯ ಹೇಳುತ್ತಿರುತ್ತೇನೆ. ಈ ಮೂರು ಹಂತಗಳನ್ನು ಮೂರು ಬೇರೆ ಬೇರೆ ಪರೀಕ್ಷೆಗಳೆಂದು ತಿಳಿದು ಓದುವವರು ಬಹಳ ದಣಿಯುತ್ತಾರೆ. ನನ್ನ ಅನುಭವದಲ್ಲಿ ಮೂರೂ ಕಡೆ ಮುಖ್ಯವಾಗಿ ನೋಡುವುದು ಒಂದೇ ಗುಣವನ್ನು: ಮುಂದಿರುವ ಆಧಾರ ಎಷ್ಟು ಹೇಳಲು ಬಿಡುತ್ತದೆಯೋ ಅಷ್ಟನ್ನು ಧೈರ್ಯವಾಗಿ ಹೇಳುವುದು, ಅದಕ್ಕಿಂತ ಹೆಚ್ಚಿನದನ್ನು ಹೇಳದಿರುವುದು.

ಮೊದಲು ಕಾಲದ ಲೆಕ್ಕ. ಕಾನೂನು ಪದವಿಯ ವಿದ್ಯಾರ್ಥಿಗಳನ್ನು ದೊಡ್ಡ ಸಂಸ್ಥೆಗಳು ಹೆಚ್ಚಾಗಿ ಕೊನೆಯ ವರ್ಷಕ್ಕೆ ಹಿಂದಿನ ವರ್ಷದಲ್ಲಿ ವೆಕೇಶನ್ ಸ್ಕೀಮ್‌ಗೆ ತೆಗೆದುಕೊಳ್ಳುವುದರಿಂದ ನಿಮಗೆ ಈ ವರ್ಷವೇ ಮುಖ್ಯ. ಅರ್ಜಿಗಳು ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ತೆರೆಯುತ್ತವೆ. ಚಳಿಗಾಲದ ಸ್ಕೀಮ್‌ಗಳು ಅಕ್ಟೋಬರ್ ಅಥವಾ ನವೆಂಬರ್‌ಗೆ, ವಸಂತ ಮತ್ತು ಬೇಸಿಗೆಯವು ಡಿಸೆಂಬರ್ ಅಥವಾ ಜನವರಿಗೆ ಮುಗಿಯುತ್ತವೆ. ಹಲವು ಸಂಸ್ಥೆಗಳು ಕೊನೆಯ ದಿನಾಂಕದವರೆಗೆ ಕಾಯದೆ, ಬಂದ ಅರ್ಜಿಗಳನ್ನು ಬಂದಂತೆಯೇ ಪರಿಶೀಲಿಸುತ್ತಾ ಹೋಗುತ್ತವೆ. ಒಂದರಿಂದ ನಾಲ್ಕು ವಾರಗಳವರೆಗೆ ನಡೆಯುವ ಈ ಸ್ಕೀಮ್‌ನ ಕೊನೆಯಲ್ಲಿ ಟ್ರೈನಿಂಗ್ ಕಾಂಟ್ರಾಕ್ಟ್‌ನ (ಸಾಲಿಸಿಟರ್ ಆಗಲು ಸಂಸ್ಥೆಯಲ್ಲಿ ಪಡೆಯುವ ತರಬೇತಿಯ ಒಪ್ಪಂದದ) ಸಂದರ್ಶನವಿರುವುದು ರೂಢಿಯಾದ್ದರಿಂದ, ಇದನ್ನು ಬೇಸಿಗೆಯ ಇಂಟರ್ನ್‌ಶಿಪ್ ಎಂದಷ್ಟೇ ಭಾವಿಸಬೇಡಿ. ಎರಡು ವರ್ಷದ ಟ್ರೈನಿಂಗ್ ಕಾಂಟ್ರಾಕ್ಟ್‌ಗೆ ಹೋಗುವ ಮುಖ್ಯ ಬಾಗಿಲೇ ಇದು.

ಅರ್ಜಿಯಲ್ಲಿ ಎಲ್ಲರೂ ಎಡವುವ ಪ್ರಶ್ನೆ ‘ನಮ್ಮ ಸಂಸ್ಥೆಯೇ ಏಕೆ?’ ಎಂಬುದು. ‘ನಿಮ್ಮದು ಜಾಗತಿಕ ಸಂಸ್ಥೆ, ಸಹಕಾರದ ವಾತಾವರಣವಿದೆ, ಅತ್ಯುತ್ತಮ ತರಬೇತಿ ಸಿಗುತ್ತದೆ’ ಎಂದು ಬರೆದರೆ ಅದು ಲಿಂಕ್‌ಲೇಟರ್ಸ್‌ಗೂ ಸಲ್ಲುತ್ತದೆ, ಕ್ಲಿಫರ್ಡ್ ಚಾನ್ಸ್‌ಗೂ ಸಲ್ಲುತ್ತದೆ; ಯಾರಿಗೂ ಪ್ರಯೋಜನವಿಲ್ಲ. ನಿಜವಾದ ವ್ಯತ್ಯಾಸಗಳು ಬೇರೆಡೆ ಇವೆ. ಈ ಎರಡು ಸಂಸ್ಥೆಗಳು ಪ್ರತಿ ವರ್ಷ ನೂರರ ಆಸುಪಾಸಿನಲ್ಲಿ ಟ್ರೇನಿಗಳನ್ನು ತೆಗೆದುಕೊಳ್ಳುತ್ತವೆ. ಅಮೆರಿಕದ ಎಷ್ಟೋ ಸಂಸ್ಥೆಗಳ ಲಂಡನ್ ಕಚೇರಿಗಳು ತೆಗೆದುಕೊಳ್ಳುವುದು ಅದರ ಒಂದು ಸಣ್ಣ ಪಾಲನ್ನು ಮಾತ್ರ, ಮತ್ತು ಅಲ್ಲಿ ಪ್ರೈವೇಟ್ ಈಕ್ವಿಟಿ (ಹೂಡಿಕೆ ನಿಧಿಗಳು ಕಂಪನಿಗಳನ್ನು ಕೊಂಡು ಮಾರುವ ವ್ಯವಹಾರ) ಕೆಲಸವೇ ಪ್ರಧಾನವಾಗಿರುವುದುಂಟು. ಚಿಕ್ಕ ತಂಡದಲ್ಲಿ ಬೇಗನೆ ಹೊಣೆ ಹೊರುವುದು ನಿಮಗೆ ಹೊಂದುತ್ತದೆಯೋ, ದೊಡ್ಡ ಬ್ಯಾಚಿನಲ್ಲಿ ಆರಾರು ತಿಂಗಳಂತೆ ನಾಲ್ಕು ವಿಭಾಗ ಸುತ್ತಿ ನಿಧಾನವಾಗಿ ಕಲಿಯುವುದು ಹೊಂದುತ್ತದೆಯೋ ಎಂಬುದನ್ನು ನಿಮ್ಮ ಬದುಕಿನ ಒಂದು ಸಂಗತಿಯನ್ನು ಮುಂದಿಟ್ಟು ಹೇಳಿ. ಸಂಸ್ಥೆಯ ಬಗ್ಗೆ ಬರೆದ ಪ್ರತಿ ವಾಕ್ಯಕ್ಕೂ ‘ಇದಕ್ಕೆ ಆಧಾರವೇನು, ಇದರಿಂದ ನನಗೇನು’ ಎಂಬ ಎರಡು ಪ್ರಶ್ನೆ ಹಾಕಿಕೊಳ್ಳಿ; ಉತ್ತರವಿಲ್ಲದ ವಾಕ್ಯವನ್ನು ಹೊಡೆದುಹಾಕಿ.

ಅಡಿಕೆ ಮಂಡಿಯ ಕೆಲಸವನ್ನು ನೀವು ಅನುಭವವೇ ಅಲ್ಲವೆಂಬಂತೆ ಬರೆದಿರುವುದು ನನಗೆ ಬೇಸರ ತರಿಸಿತು. ಸಂಸ್ಥೆಗಳು ‘ಕಮರ್ಷಿಯಲ್ ಅವೇರ್‌ನೆಸ್’ ಎಂದು ಕೇಳುವುದು ದಿನವೂ ವಾಣಿಜ್ಯ ಪತ್ರಿಕೆ ಓದಿ ಉರುಹೊಡೆದ ಸುದ್ದಿಯನ್ನಲ್ಲ. ಒಂದು ವ್ಯವಹಾರದಲ್ಲಿ ಹಣ ಎಲ್ಲಿಂದ ಬರುತ್ತದೆ, ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬ ತಿಳಿವಳಿಕೆಯನ್ನು. ಮಂಡಿಯವರು ಬೆಳೆಗಾರರಿಗೆ ಮುಂಗಡ ಕೊಡುತ್ತಾರೆ; ಧಾರಣೆ ಕುಸಿದಾಗ ಬೆಳೆಗಾರರು ಮುಂದೆ ಏರಬಹುದೆಂದು ಮಾಲು ಹಿಡಿದಿಟ್ಟುಕೊಳ್ಳುತ್ತಾರೆ; ಮಾರಾಟವಿಲ್ಲದೆ ಕಮಿಷನ್ ಇಲ್ಲ, ಕೊಟ್ಟ ಮುಂಗಡವೂ ವಾಪಸ್ ಬರುವುದಿಲ್ಲ. ಸಾಲಕ್ಕೆ ಭದ್ರತೆ ಏಕೆ ಬೇಕು, ದುಡಿಯುವ ಬಂಡವಾಳದ ಕೊರತೆ ಲಾಭದಲ್ಲಿರುವ ವ್ಯಾಪಾರವನ್ನೂ ಹೇಗೆ ನಿಲ್ಲಿಸಬಲ್ಲದು ಎಂಬುದನ್ನು ನೀವು ಕಣ್ಣಾರೆ ಕಂಡಿದ್ದೀರಿ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆ ಬಗೆಗಳ ಧಾರಣೆಯ ವ್ಯತ್ಯಾಸವನ್ನು ಲಂಡನ್ನಿನ ಪಾರ್ಟ್ನರ್‌ಗೆ (ಸಂಸ್ಥೆಯ ಪಾಲುದಾರ ವಕೀಲರಿಗೆ) ಮೂರು ವಾಕ್ಯಗಳಲ್ಲಿ ತಿಳಿಯಪಡಿಸಬಲ್ಲಿರಾದರೆ, ಕಕ್ಷಿದಾರನ ವ್ಯವಹಾರವನ್ನು ಅರ್ಥಮಾಡಿಕೊಳ್ಳುವ ಶಕ್ತಿ ನಿಮಗಿದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ.

ಈಗ ವಾಟ್ಸನ್ ಗ್ಲೇಸರ್. ಇದರಲ್ಲಿ ಐದು ಭಾಗಗಳಿವೆ: ಅನುಮಾನ (ಇನ್‌ಫರೆನ್ಸ್, ಕೊಟ್ಟ ಮಾಹಿತಿಯಿಂದ ಊಹಿಸುವುದು), ಪೂರ್ವಗ್ರಹಿಕೆಗಳನ್ನು (ಹೇಳದೆಯೇ ಒಪ್ಪಿಕೊಂಡ ಸಂಗತಿಗಳನ್ನು) ಗುರುತಿಸುವುದು, ನಿಗಮನ (ಡಿಡಕ್ಷನ್, ಕೊಟ್ಟ ಹೇಳಿಕೆಗಳಿಂದ ಖಚಿತವಾಗಿ ಬರುವ ತೀರ್ಮಾನ), ಅರ್ಥೈಸುವಿಕೆ, ವಾದಗಳ ಮೌಲ್ಯಮಾಪನ. ಸಾಮಾನ್ಯವಾಗಿ 30 ನಿಮಿಷಗಳಲ್ಲಿ 40 ಪ್ರಶ್ನೆಗಳು. ಕಾನೂನಿನ ಜ್ಞಾನ ಇಲ್ಲಿ ಬೇಕಿಲ್ಲ. ಎಷ್ಟೋ ಬುದ್ಧಿವಂತರು ಸೋಲುವುದು ಹೊರಗಿನ ತಿಳಿವಳಿಕೆಯನ್ನು ಒಳಗೆ ತರುವುದರಿಂದ. ನಿಗಮನದ ಭಾಗದಲ್ಲಿ ಹೀಗೊಂದು ಪ್ರಶ್ನೆ ಬಂತೆಂದುಕೊಳ್ಳಿ: ‘ಈ ಕಚೇರಿಯ ಕೆಲವು ವಕೀಲರು ಫ್ರೆಂಚ್ ಬಲ್ಲರು. ಫ್ರೆಂಚ್ ಬಲ್ಲವರೆಲ್ಲರೂ ಪ್ಯಾರಿಸ್ ನೋಡಿದ್ದಾರೆ.’ ಇದರಿಂದ ‘ಈ ಕಚೇರಿಯ ಕೆಲವು ವಕೀಲರು ಪ್ಯಾರಿಸ್ ನೋಡಿಲ್ಲ’ ಎಂಬ ತೀರ್ಮಾನ ಬರುತ್ತದೆಯೇ? ದಿನನಿತ್ಯದ ಮಾತಿನಲ್ಲಿ ‘ಕೆಲವರು’ ಎಂದರೆ ‘ಎಲ್ಲರೂ ಅಲ್ಲ’ ಎಂದು ಕಿವಿ ಕೇಳಿಸಿಕೊಳ್ಳುತ್ತದೆ, ತರ್ಕದಲ್ಲಿ ಹಾಗಿಲ್ಲ. ಎಲ್ಲ ವಕೀಲರೂ ಫ್ರೆಂಚ್ ಬಲ್ಲವರಾಗಿದ್ದರೂ ಮೊದಲ ವಾಕ್ಯ ಸತ್ಯವೇ, ಫ್ರೆಂಚ್ ಬಾರದವರೂ ಪ್ಯಾರಿಸ್ ನೋಡಿರಬಹುದು. ಆದ್ದರಿಂದ ಆ ತೀರ್ಮಾನ ಬರುವುದಿಲ್ಲ. ಫ್ರೆಂಚ್ ಬಲ್ಲವರೆಲ್ಲರೂ ಪ್ಯಾರಿಸ್ ನೋಡಿರುವುದು ನಿಜಲೋಕದಲ್ಲಿ ಸುಳ್ಳಾದರೂ ಇಲ್ಲಿ ಅದನ್ನು ಸತ್ಯವೆಂದೇ ಒಪ್ಪಿ ಮುಂದುವರಿಯಬೇಕು.

ಭಾಗದಿಂದ ಭಾಗಕ್ಕೆ ನಿಯಮ ಬದಲಾಗುತ್ತದೆ ಎಂಬುದನ್ನು ಗಮನಿಸಿ. ಅನುಮಾನದ ಭಾಗದಲ್ಲಿ ‘ಸತ್ಯ’ ಮತ್ತು ‘ಸುಳ್ಳು’ಗಳ ನಡುವೆ ‘ಬಹುಶಃ ಸತ್ಯ’, ‘ಮಾಹಿತಿ ಸಾಲದು’, ‘ಬಹುಶಃ ಸುಳ್ಳು’ ಎಂಬ ಮೆಟ್ಟಿಲುಗಳಿರುತ್ತವೆ, ಮತ್ತು ಎಲ್ಲರಿಗೂ ಗೊತ್ತಿರುವ ಸಾಮಾನ್ಯ ಜ್ಞಾನವನ್ನು ಬಳಸಲು ಅಲ್ಲಿ ಅವಕಾಶವಿದೆ. ನಿಗಮನದಲ್ಲಿ ಆ ಅವಕಾಶವಿಲ್ಲ. ವಾದಗಳ ಭಾಗದಲ್ಲಿ ನಿಮಗೆ ಇಷ್ಟವಾದ ವಾದವಲ್ಲ, ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ, ತೂಕವುಳ್ಳ ವಾದವೇ ಬಲವಾದದ್ದು. ಅಭ್ಯಾಸ ಮಾಡುವಾಗ ಮೊದಲ ಕೆಲವು ದಿನ ಗಡಿಯಾರವನ್ನು ಬದಿಗಿಟ್ಟು, ತಪ್ಪಾದ ಪ್ರತಿ ಉತ್ತರಕ್ಕೂ ಯಾವ ಭಾಗದ ಯಾವ ನಿಯಮ ಮುರಿದಿರಿ ಎಂದು ಒಂದು ಸಾಲು ಬರೆದಿಡಿ. ವೇಗದ ಯೋಚನೆ ಆಮೇಲೆ. ಡಿಸ್ಲೆಕ್ಸಿಯಾದಂಥ ತೊಂದರೆ ಇದ್ದವರು ಪರೀಕ್ಷೆಗೆ ಮುಂಚೆಯೇ ಸಂಸ್ಥೆಗೆ ತಿಳಿಸಿದರೆ ಹೆಚ್ಚುವರಿ ಸಮಯ ಕೇಳಬಹುದು. 2010ರ ಈಕ್ವಾಲಿಟಿ ಆಕ್ಟ್ ಪ್ರಕಾರ ಸೂಕ್ತ ಹೊಂದಾಣಿಕೆ ಮಾಡಿಕೊಡುವುದು ಅವರ ಕರ್ತವ್ಯ. ಕೇಳಲು ಸಂಕೋಚ ಬೇಡ.

ಅಸೆಸ್‌ಮೆಂಟ್ ಸೆಂಟರ್‌ನಲ್ಲಿ ಗುಂಪು ಚರ್ಚೆ, ಬರವಣಿಗೆ, ಸಂದರ್ಶನ ಏನೇ ಇದ್ದರೂ ನಿರ್ಣಾಯಕವಾಗುವುದು ಬಹುಮಟ್ಟಿಗೆ ಕೇಸ್ ಸ್ಟಡಿ. ಕಕ್ಷಿದಾರನೊಬ್ಬ ಒಂದು ಆಹಾರ ತಯಾರಿಕಾ ಕಂಪನಿಯನ್ನು ಕೊಳ್ಳಲು ಹೊರಟಿದ್ದಾನೆ ಎಂದು ಹೇಳಿ, ಒಂದು ಕಂತೆ ಕಾಗದಗಳನ್ನು ಕೊಟ್ಟು, ನಿಗದಿತ ಹೊತ್ತಿನಲ್ಲೇ ಓದಿ ಸಲಹೆ ಹೇಳಿ ಎನ್ನುತ್ತಾರೆ. ಕಂಪನಿಯ ಅತಿದೊಡ್ಡ ಗಿರಾಕಿಯ ಒಪ್ಪಂದದಲ್ಲಿ ಮಾಲೀಕತ್ವ ಬದಲಾದರೆ ಒಪ್ಪಂದ ರದ್ದುಮಾಡಬಹುದೆಂಬ ಷರತ್ತಿರುತ್ತದೆ. ಕಾರ್ಖಾನೆಯ ಗುತ್ತಿಗೆ ಮುಗಿಯುತ್ತಾ ಬಂದಿರುತ್ತದೆ. ಒಬ್ಬ ಮಾಜಿ ನೌಕರ ಹೂಡಿದ ದಾವೆಯೊಂದು ಬಾಕಿಯಿರುತ್ತದೆ. ಹೆಚ್ಚಿನವರು ಮೂರನ್ನೂ ಪಟ್ಟಿಮಾಡಿ ನಿಲ್ಲುತ್ತಾರೆ. ಪಾರ್ಟ್ನರ್‌ಗೆ ಬೇಕಾದದ್ದು ಅವುಗಳ ತೂಕ. ಗಿರಾಕಿಯೇ ಹೊರಟುಹೋದರೆ ಕೊಳ್ಳುವುದರಲ್ಲಿ ಅರ್ಥವಿಲ್ಲದ ಕಾರಣ, ಆತನ ಲಿಖಿತ ಒಪ್ಪಿಗೆಯನ್ನು ವ್ಯವಹಾರ ಪೂರ್ಣಗೊಳ್ಳುವ ಮುನ್ನವೇ ಪಡೆಯಬೇಕೆಂದು ಷರತ್ತು ಹಾಕಬೇಕು. ಗುತ್ತಿಗೆಯ ವಿಷಯ ಬೆಲೆ ಇಳಿಸಲು ಕಾರಣವಾಗಬಹುದು. ದಾವೆ ಈಗಾಗಲೇ ಗೊತ್ತಿರುವ ಅಪಾಯವಾದ್ದರಿಂದ ಅದಕ್ಕೆ ಮಾರುವವನಿಂದ ನಿರ್ದಿಷ್ಟ ಇಂಡೆಮ್ನಿಟಿ (ನಷ್ಟವಾದರೆ ತುಂಬಿಕೊಡುವ ಮಾತು) ಕೇಳಬೇಕು. ಇನ್ನೂ ಗೊತ್ತಿಲ್ಲದ ಅಪಾಯಗಳಿಗೆ ವಾರಂಟಿಗಳಿವೆ (ಕಂಪನಿಯ ಸ್ಥಿತಿ ಹೀಗಿದೆ ಎಂದು ಮಾರುವವನು ಒಪ್ಪಂದದಲ್ಲಿ ಕೊಡುವ ಭರವಸೆಗಳು). ಷೇರು ಕೊಂಡರೆ ಕಂಪನಿಯ ಹೊಣೆಗಾರಿಕೆಗಳೆಲ್ಲವೂ ಅದರೊಂದಿಗೇ ಬರುತ್ತವೆ, ಆಸ್ತಿಗಳನ್ನಷ್ಟೇ ಕೊಂಡರೆ ಬೇಕಾದದ್ದನ್ನು ಆರಿಸಿಕೊಳ್ಳಬಹುದು, ಆದರೆ ಒಪ್ಪಂದಗಳನ್ನು ವರ್ಗಾಯಿಸಲು ಸಾಮಾನ್ಯವಾಗಿ ಎದುರು ಪಕ್ಷಗಳ ಒಪ್ಪಿಗೆ ಬೇಕಾಗುತ್ತದೆ. ಇಷ್ಟು ತಿಳಿದಿದ್ದರೆ ಈ ಹಂತಕ್ಕೆ ಸಾಕು.

ನೀವು ಸಲಹೆ ಹೇಳಿ ಮುಗಿಸಿದ ಮೇಲೆ ಪಾರ್ಟ್ನರ್ ವಿರೋಧಿಸುತ್ತಾರೆ. ಅವರು ಹೊಸ ಸಂಗತಿಯೊಂದನ್ನು ಸೇರಿಸಿದ್ದರೆ ಅಭಿಪ್ರಾಯ ಬದಲಿಸಿ, ಏಕೆ ಬದಲಿಸಿದಿರೆಂದು ಹೇಳಿ. ಒಪ್ಪುವುದಿಲ್ಲ ಎಂದಷ್ಟೇ ಹೇಳಿದ್ದರೆ ಕಾರಣಸಹಿತ ನಿಮ್ಮ ನಿಲುವಿನಲ್ಲೇ ನಿಲ್ಲಿ. ನಮ್ಮ ಕಡೆಯ ವಿದ್ಯಾರ್ಥಿಗಳು ಹಿರಿಯರ ಮಾತಿಗೆ ಎದುರಾಡಬಾರದೆಂಬ ಸಂಸ್ಕಾರದಿಂದ ತಕ್ಷಣ ತಲೆಬಾಗುವುದನ್ನು ಕೇಳಿ ನನಗೆ ನೋವಾಗುತ್ತದೆ, ಏಕೆಂದರೆ ಎಷ್ಟೋ ಸಲ ಅವರ ಮೊದಲ ಉತ್ತರವೇ ಸರಿಯಾಗಿರುತ್ತದೆ. ಗೌರವ ಮಾತಿನ ಧಾಟಿಯಲ್ಲಿರಲಿ, ತೀರ್ಮಾನದಲ್ಲಿ ಬೇಡ.

ವೀಸಾದ ಬಗ್ಗೆ ನೀವು ಕೇಳಿಲ್ಲವಾದರೂ ಹೇಳಲೇಬೇಕು. ಸ್ಟೂಡೆಂಟ್ ವೀಸಾದಲ್ಲಿ ಪದವಿ ವಿದ್ಯಾರ್ಥಿಗಳು ಪಾಠದ ಅವಧಿಯಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ರಜೆಯಲ್ಲಿ ಪೂರ್ಣಾವಧಿ ಕೆಲಸಕ್ಕೆ ಅಡ್ಡಿಯಿಲ್ಲ. ಸ್ಕೀಮ್‌ನ ದಿನಗಳು ನಿಮ್ಮ ವಿಶ್ವವಿದ್ಯಾಲಯದ ಅಧಿಕೃತ ರಜೆಯೊಳಗೇ ಬರುತ್ತವೆಯೇ ಎಂದು ಮೊದಲೇ ನೋಡಿಕೊಳ್ಳಿ. ಒಂದು ವರ್ಷದ ಎಲ್‌ಎಲ್‌ಎಂಗೆ ಬಂದ ಗೆಳೆಯರಿದ್ದರೆ ಅವರಿಗೂ ತಿಳಿಸಿ, ಪ್ರಬಂಧ ಬರೆಯುವ ಬೇಸಿಗೆ ಅವರ ಪಾಲಿಗೆ ರಜೆಯೆಂದು ಪರಿಗಣಿತವಾಗದೇ ಇರಬಹುದು. ಟ್ರೈನಿಂಗ್ ಕಾಂಟ್ರಾಕ್ಟ್‌ಗೆ ಸ್ಕಿಲ್ಡ್ ವರ್ಕರ್ ವೀಸಾ ಪ್ರಾಯೋಜಿಸುತ್ತಾರೆಯೇ ಎಂದು ಸಂಸ್ಥೆಯ ನೇಮಕಾತಿ ತಂಡವನ್ನು ಅರ್ಜಿಗೆ ಮುನ್ನವೇ ನೇರವಾಗಿ ಕೇಳಬಹುದು. ಕೇಳಿದ್ದರಿಂದ ನಿಮ್ಮ ಅರ್ಜಿಗೆ ಹಾನಿಯಾಗುವುದಿಲ್ಲ. ಪದವಿಯ ನಂತರದ ಗ್ರಾಜುಯೇಟ್ ವೀಸಾ 2027ರ ಜನವರಿ 1ರಿಂದ ಅರ್ಜಿ ಹಾಕುವ ಪದವೀಧರರಿಗೆ ಎರಡು ವರ್ಷದ ಬದಲು 18 ತಿಂಗಳಿಗೆ ಇಳಿಯುತ್ತದೆ. ಆದ್ದರಿಂದ ಪದವಿ ಮುಗಿಸಿ ಸಾಲಿಸಿಟರ್ ಅರ್ಹತೆಯ ಎಸ್‌ಕ್ಯೂಇ ಪರೀಕ್ಷೆಗೆ ಓದುವ ಕಾಲವನ್ನು ಯಾವ ವೀಸಾದಲ್ಲಿ ಕಳೆಯುತ್ತೀರಿ ಎಂಬುದನ್ನು ನಿಮ್ಮ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯವರೊಂದಿಗೆ ಈ ಸೆಮಿಸ್ಟರ್‌ನಲ್ಲೇ ಕುಳಿತು ಮಾತನಾಡಿ.