ತಾಮ್ರ ಮುಗಿಯುವ ವರ್ಷ ಯಾವುದು?

ಓದುಗರೊಬ್ಬರ ಪತ್ರದ ಸಾರ: “ಕಳೆದ ಸಂಚಿಕೆಯಲ್ಲಿ ‘ತಾಮ್ರ ಇನ್ನು 45 ವರ್ಷಕ್ಕೆ ಮಾತ್ರ’ ಎಂಬ ಶೀರ್ಷಿಕೆ ನೋಡಿದೆ. ನಾನು ಶಾಲೆಯಲ್ಲಿದ್ದಾಗ ಪೆಟ್ರೋಲು 30 ವರ್ಷದಲ್ಲಿ ಖಾಲಿ ಎಂದು ಹೆದರಿಸಿದ್ದರು. ಆ ಗಡುವು ದಾಟಿ ಎಷ್ಟೋ ವರ್ಷವಾಯಿತು. ಈಗ ಮಗಳಿಗೆ ‘2070ರ ಜಗತ್ತು’ ಎಂಬ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಏನು ಬರೆಸಲಿ? ‘ತೋಳ ಬಂತು ತೋಳ’ ಎನ್ನುವುದನ್ನು ನೀವು ಯಾವಾಗ ನಿಲ್ಲಿಸುತ್ತೀರಿ?”

ನಮಸ್ಕಾರ. ಶೀರ್ಷಿಕೆ ಕೊಟ್ಟವರು ನಾವು, ಲೇಖಕರಲ್ಲ. ತಪ್ಪು ನಮ್ಮದೇ. ಅಂಕಿಯೇನೋ ಸುಳ್ಳಲ್ಲ: ಜಗತ್ತಿನ ತಾಮ್ರದ ನಿಕ್ಷೇಪ ಸುಮಾರು 100 ಕೋಟಿ ಟನ್, ಗಣಿಗಳಿಂದ ವರ್ಷಕ್ಕೆ ತೆಗೆಯುವುದು ಸುಮಾರು 2.2 ಕೋಟಿ ಟನ್, ಭಾಗಿಸಿದರೆ 45. ಎಡವಿದ್ದು ಅದನ್ನು ಗಡುವು ಎಂದು ಓದಿದ್ದರಲ್ಲಿ.

‘ನಿಕ್ಷೇಪ’ ಎಂದರೆ ಕಣಜದಲ್ಲಿ ಉಳಿದ ಕಾಳಲ್ಲ. ಕೊರೆದು ನೋಡಿ, ಈಗಿನ ಬೆಲೆಗೆ ಈಗಿನ ವಿಧಾನದಲ್ಲಿ ತೆಗೆದರೆ ಗಿಟ್ಟುತ್ತದೆ ಎಂದು ಖಾತ್ರಿಯಾದ ಭಾಗಕ್ಕೆ ಮಾತ್ರ ಆ ಹೆಸರು. ಐವತ್ತು ವರ್ಷ ಬಿಟ್ಟು ಬೇಕಾಗುವ ಅದಿರನ್ನು ಹುಡುಕಲು ಯಾವ ಗಣಿ ಕಂಪನಿಯೂ ಇವತ್ತು ದುಡ್ಡು ಸುರಿಯುವುದಿಲ್ಲ. ಹಾಗಾಗಿ ಲೆಕ್ಕ ಯಾವಾಗ ಹಾಕಿದರೂ ಮೂವತ್ತೋ ನಲವತ್ತೋ ವರ್ಷದ ಆಸುಪಾಸಿನಲ್ಲೇ ಬಂದು ನಿಲ್ಲುತ್ತದೆ. 1970ರಲ್ಲಿ ತಾಮ್ರದ ನಿಕ್ಷೇಪ ಸುಮಾರು 28 ಕೋಟಿ ಟನ್ ಎಂದು ಅಂದಾಜಿಸಿದ್ದರು. ಅಲ್ಲಿಂದ ಇಲ್ಲಿಯವರೆಗೆ ಅದರ ಎರಡು ಪಟ್ಟಿಗೂ ಹೆಚ್ಚು ತೆಗೆದಾಗಿದೆ, ಆದರೂ ಪುಸ್ತಕದಲ್ಲಿ 100 ಕೋಟಿ ಬಾಕಿ ಇದೆ. ನಿಮ್ಮ ಪೆಟ್ರೋಲಿನ ಕತೆಯೂ ಇದೇ.

ಹಾಗಾದರೆ ನಿಶ್ಚಿಂತರಾಗಿರಬಹುದೇ? ಅದೂ ಆಗದು. 45 ಬರುವುದು ಬಳಕೆ ಇದ್ದಷ್ಟೇ ಇದ್ದರೆ. ವರ್ಷಕ್ಕೆ ಶೇ. 3ರಂತೆ ಏರಿದರೆ ಅದೇ ನಿಕ್ಷೇಪ 28 ವರ್ಷಕ್ಕೆ ಸಾಕು. ನಿಕ್ಷೇಪವೇ ಐದು ಪಟ್ಟಾಯಿತು ಎಂದಿಟ್ಟುಕೊಳ್ಳಿ. 225 ವರ್ಷವಲ್ಲ, ಬರೀ 68. ಚಕ್ರಬಡ್ಡಿಯ ಮುಂದೆ ಹೊಸ ಗಣಿಗಳ ಆಟ ಹೆಚ್ಚು ದಿನ ನಡೆಯದು.

ಅದಕ್ಕೂ ಮೊದಲೇ ಬೇರೆ ತೊಂದರೆ ಎದುರಾಗುತ್ತದೆ. ಶೇ. 2ರ ಅದಿರಿನಲ್ಲಿ ಒಂದು ಟನ್ ತಾಮ್ರಕ್ಕೆ 50 ಟನ್ ಕಲ್ಲು ಅರೆದರೆ ಸಾಕು, ಶೇ. 0.5ರ ಅದಿರಿಗೆ 200 ಟನ್. ಅದೂ ಒಂದು ಚೂರೂ ಪೋಲಾಗದಿದ್ದರೆ. ಹಿಟ್ಟಿನಷ್ಟು ನುಣ್ಣಗೆ ಅರೆಯಲು ವಿದ್ಯುತ್ತು ಬೇಕು, ತೇಲಿಸಿ ಬೇರ್ಪಡಿಸಲು ನೀರು ಬೇಕು, ಉಳಿದ ಕೆಸರನ್ನು ಕಟ್ಟೆ ಕಟ್ಟಿ ಶಾಶ್ವತವಾಗಿ ಕಾಯಬೇಕು. 1980ರಲ್ಲಿ ಅರ್ಥಶಾಸ್ತ್ರಜ್ಞ ಜೂಲಿಯನ್ ಸೈಮನ್ ಮತ್ತು ಜೀವಶಾಸ್ತ್ರಜ್ಞ ಪಾಲ್ ಎರ್ಲಿಕ್ ಐದು ಲೋಹಗಳ ಬೆಲೆಯ ಮೇಲೆ ಪಂದ್ಯ ಕಟ್ಟಿದರು. 1990ರ ಹೊತ್ತಿಗೆ ಹಣದುಬ್ಬರ ಕಳೆದು ನೋಡಿದರೆ ಐದೂ ಅಗ್ಗವಾಗಿದ್ದವು, ಎರ್ಲಿಕ್ ಸೋತರು. ಸೈಮನ್ ಗೆದ್ದದ್ದು ನ್ಯಾಯವೇ. ಆದರೆ ಬೆಲೆಚೀಟಿಯಲ್ಲಿ ಆ ಕೆಸರಿನ ಕಟ್ಟೆಯ ಲೆಕ್ಕ ಕಾಣುವುದಿಲ್ಲ.

ಕಲ್ಲಿದ್ದಲನ್ನು ನೋಡಿ. ಅದು ಬರಿದಾಗಿ ಬ್ರಿಟನ್ನಿನ ಉದ್ಯಮವೇ ಕುಸಿದೀತು ಎಂದು 1865ರಲ್ಲಿ ಅಲ್ಲಿನ ಅರ್ಥಶಾಸ್ತ್ರಜ್ಞ ಜೆವನ್ಸ್ ಎಚ್ಚರಿಸಿದ್ದರು. ಆ ದೇಶದ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರ 2024ರಲ್ಲಿ ಬಾಗಿಲು ಹಾಕಿತು. ನೆಲದಡಿ ಕಲ್ಲಿದ್ದಲು ಇನ್ನೂ ಇದೆ. ಜಾಗ ತುಂಬಿದ್ದು ಮೇಲೆ: ಕೈಗಾರಿಕಾ ಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 280 ಇದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ.

ಇನ್ನು ಪ್ರಾಜೆಕ್ಟ್. ಹಾರುವ ಕಾರಿನ ಚಿತ್ರ ಬೇಡ, ಎಕ್ಸೆಲ್ ಹಾಳೆ ಸಾಕು. ನಾಲ್ಕು ಕಾಲಂ: ವರ್ಷ, ಬೇಡಿಕೆ, ಗುಜರಿಯಿಂದ ವಾಪಸ್ಸು, ಗಣಿಯಿಂದ ಬೇಕಾದದ್ದು. 2025ರ ಬೇಡಿಕೆ 100 ಎಂದಿಟ್ಟು ಪ್ರತಿ ವರ್ಷ 1.03ರಿಂದ ಗುಣಿಸಲಿ. ಹಿಂದಿನ ವರ್ಷಗಳಿಗೆ ಅದರಿಂದಲೇ ಭಾಗಿಸುತ್ತ 1995ರವರೆಗೆ ಹೋಗಲಿ. ಗೋಡೆಯೊಳಗಿನ ತಂತಿ, ಮೋಟಾರು, ಪೈಪು ಎಲ್ಲ ಸರಾಸರಿ 30 ವರ್ಷ ಬಾಳುತ್ತವೆ, ಅದರಲ್ಲಿ ಶೇ. 80 ಗುಜರಿಗೆ ಬರುತ್ತದೆ ಎಂದು ಹಿಡಿಯೋಣ. ಆಗ ಮೂರನೆಯ ಕಾಲಂ ಎಂದರೆ 30 ವರ್ಷ ಹಿಂದಿನ ಬೇಡಿಕೆ ಗುಣಿಸು 0.8.

ಮಕ್ಕಳು, ಎಷ್ಟೋ ಸಲ ದೊಡ್ಡವರೂ, ತಪ್ಪುವುದು ಇಲ್ಲೇ. ಇವತ್ತಿನ ಬೇಡಿಕೆಯ ಶೇ. 80 ಇವತ್ತೇ ವಾಪಸ್ಸು ಬಂತು ಎಂದು ಬರೆದುಬಿಡುತ್ತಾರೆ. ವಾಪಸ್ಸು ಬರುವುದು 1995ರ ತಾಮ್ರ, ಆಗಿನ ಬೇಡಿಕೆ ಬರೀ 41. ಶೇ. 80 ಹಿಡಿದರೆ 33. ಗುಜರಿಯವರು ಎಷ್ಟೇ ನಿಯತ್ತಾಗಿ ಆಯ್ದರೂ ಉಳಿದ 67 ಗಣಿಯಿಂದಲೇ ಬರಬೇಕು.

2070ಕ್ಕೆ ಬನ್ನಿ. ಬೇಡಿಕೆ 378, ಗುಜರಿ 125, ಗಣಿ 253. ಈಗ ಹಾಳೆಯನ್ನು ನಕಲು ಮಾಡಿ, 2025ರಿಂದಾಚೆಗೆ ಮಾತ್ರ 1.03 ಇದ್ದಲ್ಲಿ 1.01 ಹಾಕಲಿ. ಬೇಡಿಕೆ 156.5, ಗುಜರಿ 92.9, ಗಣಿ 63.6. ಇವತ್ತಿನ 67ಕ್ಕಿಂತ ಗುಲಗಂಜಿಯಷ್ಟು ಕಡಿಮೆಯೇ! ಹೊಸ ಕುಲುಮೆಯಿಲ್ಲ, ಹೊಸ ಗಣಿಯಿಲ್ಲ, ಏರಿಕೆಯ ದರ ಒಂದೇ ಬದಲಾಗಿದ್ದು. ‘ಮರುಬಳಕೆ ಇದೆಯಲ್ಲ, ಚಿಂತೆ ಏಕೆ’ ಎನ್ನುವವರ ಭಾಷಣದಲ್ಲಿ ಈ ದರದ ಮಾತು ಬರುವುದಿಲ್ಲ ಎಂಬುದು ನಮ್ಮ ಹಳೆಯ ತಕರಾರು.

ಸಮಾಜದ ಪಾಲು ಬರುವುದೂ ಇಲ್ಲೇ. ಆ ಶೇ. 1 ಯಾರ ಮನೆಯ ವಿದ್ಯುತ್ ಸಂಪರ್ಕ ತಡೆದು ಬಂತು, ಯಾರ ಎರಡನೆಯ ಕಾರು ತಪ್ಪಿಸಿ ಬಂತು? ಹಾಳೆ ಇದನ್ನು ಹೇಳುವುದಿಲ್ಲ, ಮಗಳು ಪಕ್ಕದಲ್ಲಿ ಒಂದು ಪುಟ ಬರೆಯಬೇಕು. ಎರಡೂ ಹಾಳೆ ಲಗತ್ತಿಸಲಿ. ‘2070ರಲ್ಲಿ ಹೀಗೇ ಇರುತ್ತದೆ’ ಎನ್ನದೆ ‘ಹೀಗೆ ಮಾಡಿದರೆ ಹೀಗೆ’ ಎಂದು ಬರೆಯಲಿ.

ಉತ್ಸಾಹವಿದ್ದರೆ ಮೂರನೆಯ ಹಾಳೆ ರಂಜಕಕ್ಕೆ. ಬೆಳೆಗೆ ಅದರ ಬದಲಿ ಇನ್ನೊಂದಿಲ್ಲ. ತಾಮ್ರವಾದರೆ ತಂತಿಯಾಗಿ ಒಂದೆಡೆ ಬಿದ್ದಿರುತ್ತದೆ. ರಂಜಕ ಗೊಬ್ಬರವಾಗಿ ಹೊಲದ ತುಂಬ ಹರಡಿ, ಒಂದಷ್ಟು ಮಣ್ಣಿಗೆ ಅಂಟಿ, ಒಂದಷ್ಟು ಕೊಚ್ಚಿಹೋಗಿ ಕೆರೆಯಲ್ಲಿ ಪಾಚಿ ಬೆಳೆಸುತ್ತದೆ. ಹಿಡಿದು ವಾಪಸ್ಸು ತರಬಹುದಾದದ್ದು ಮುಖ್ಯವಾಗಿ ಸಗಣಿ, ಮಲಮೂತ್ರ ಮತ್ತು ಚರಂಡಿಯ ಕೆಸರಿನಲ್ಲಿದೆ. ಆ ಹಾಳೆಯ ಮೂರನೆಯ ಕಾಲಮ್ಮಿಗೆ 0.8 ಹಾಕಲು ಬಿಡಬೇಡಿ.

– ಸಂ.